ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್: ಎರಡು ನೆಲಗಳ ಪ್ರಾಕೃತಿಕ ಸ್ವರೂಪ

ಭೂಗೋಳದ ಕಿರುಪರೀಕ್ಷೆಯೊಂದರಲ್ಲಿ ನಾನು, "ನ್ಯೂಜಿಲೆಂಡ್ ಆಸ್ಟ್ರೇಲಿಯದ ಪಕ್ಕದ ದೇಶವಾದುದರಿಂದ ಅಲ್ಲಿಯ ನೆಲವೂ ಹವೆಯೂ ಆಸ್ಟ್ರೇಲಿಯದಂತೆಯೇ ಇವೆ" ಎಂದು ಬರೆದಿದ್ದೆ. ನಮ್ಮ ಉಪನ್ಯಾಸಕರು ಆ ವಾಕ್ಯದ ಕೆಳಗೆ ಕೆಂಪುಗೆರೆ ಎಳೆದು, "ಎಷ್ಟು ದೂರದ ಪಕ್ಕ?" ಎಂದಷ್ಟೇ ಕೇಳಿದ್ದರು. ಭೂಪಟವನ್ನು ತೆಗೆದು ಅಳೆದು ನೋಡಿದೆ. ಎರಡರ ನಡುವೆ ಇರುವ ಟಾಸ್ಮನ್ ಸಮುದ್ರದ ಅಗಲ ಸುಮಾರು 2,000 ಕಿಲೋಮೀಟರ್; ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ಹೋಗುವಷ್ಟು ದಾರಿ. ಆ ತಪ್ಪನ್ನು ತಿದ್ದಿಕೊಳ್ಳಲು ಹೊರಟು ಓದಿದುದರ ಸಾರವೇ ಈ ಲೇಖನ.

ಆಸ್ಟ್ರೇಲಿಯ ಖಂಡಗಳಲ್ಲೆಲ್ಲ ಚಿಕ್ಕದು. ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿಲೋಮೀಟರ್. ಅದು ಎಲ್ಲ ಖಂಡಗಳಿಗಿಂತ ತಗ್ಗಾದುದೂ ಹೌದು. ಅಲ್ಲಿಯ ಅತ್ಯುನ್ನತ ಶಿಖರವಾದ ಕೊಸಿಯಸ್ಕೊ ಕೇವಲ 2,228 ಮೀಟರ್ ಎತ್ತರವಿದೆ. ಇದಕ್ಕೆ ಕಾರಣ ಆ ನೆಲದ ವಯಸ್ಸು. ಪಶ್ಚಿಮದ ಜ್ಯಾಕ್ ಹಿಲ್ಸ್ ಎಂಬಲ್ಲಿ ದೊರೆತ ಜಿರ್ಕಾನ್ ಹರಳುಗಳು ಸುಮಾರು 440 ಕೋಟಿ ವರ್ಷಗಳಷ್ಟು ಹಳೆಯವು. ಕೋಟಿಗಟ್ಟಲೆ ವರ್ಷ ಗಾಳಿ, ಮಳೆ, ಬಿಸಿಲುಗಳು ಸವೆಸಿದ ಮೇಲೆ ಬೆಟ್ಟಗಳು ಬೆಟ್ಟಗಳಾಗಿ ಉಳಿಯುವುದೆಂತು? 1893ರಲ್ಲಿ ಚಿನ್ನ ಸಿಕ್ಕಿದ ಕಾಲ್ಗೂರ್ಲಿ ಇರುವುದು ಈ ಪಶ್ಚಿಮ ಪ್ರಸ್ಥಭೂಮಿಯಲ್ಲಿಯೇ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಗಣಿಗಳೂ ಇಂಥವೇ ಅತಿ ಪುರಾತನ ಶಿಲೆಗಳಲ್ಲಿದ್ದವೆಂಬುದನ್ನು ಇಲ್ಲಿ ನೆನೆಯಬಹುದು.

ಖಂಡವನ್ನು ಮೂರು ಭಾಗವಾಗಿ ನೋಡುವುದು ರೂಢಿ: ಪಶ್ಚಿಮದ ಪ್ರಸ್ಥಭೂಮಿ, ನಡುವಣ ತಗ್ಗುಪ್ರದೇಶ, ಪೂರ್ವದ ಎತ್ತರದ ನೆಲ. ಪೂರ್ವದಲ್ಲಿ ಕರಾವಳಿಯ ಉದ್ದಕ್ಕೂ ಗ್ರೇಟ್ ಡಿವೈಡಿಂಗ್ ಶ್ರೇಣಿ ಹಬ್ಬಿದೆ. ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿ ಈ ಶ್ರೇಣಿಯನ್ನು ಏರುವಾಗ ಕರಾವಳಿಯಲ್ಲಿ ಮಳೆ ಸುರಿಸುತ್ತದೆ. ಒಳನಾಡಿಗೆ ಇಳಿಯುವ ವೇಳೆಗೆ ಒಣಗಿರುತ್ತದೆ. ಇದರ ಜೊತೆಗೆ ಖಂಡದ ಬಹುಭಾಗ ಮಕರಸಂಕ್ರಾಂತಿ ವೃತ್ತದ ಆಸುಪಾಸಿನಲ್ಲಿದೆ. ಆ ಅಕ್ಷಾಂಶಗಳಲ್ಲಿ ಮೇಲಿನ ವಾಯು ಕೆಳಕ್ಕಿಳಿದು ಬಿಸಿಯಾಗುವುದರಿಂದ ಮೋಡ ಕಟ್ಟುವುದಿಲ್ಲ. ಈ ಎರಡು ಕಾರಣಗಳು ಕೂಡಿ ನಡುನಾಡು ಮರುಭೂಮಿಯಾಯಿತು. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಐರ್ ಸರೋವರ ಬಹುತೇಕ ವರ್ಷಗಳಲ್ಲಿ ಉಪ್ಪಿನ ಬಯಲು ಮಾತ್ರ. 1974ರಲ್ಲಿ ಬಂದಂಥ ಮಹಾಪೂರ ಬಂದಾಗ ಮಾತ್ರ ಅದು ನಿಜವಾಗಿ ಸರೋವರವಾಗುತ್ತದೆ.

ಆದರೆ ಈ ಒಣನೆಲದ ಅಡಿಯಲ್ಲಿ ನೀರಿದೆ. ಪೂರ್ವದ ಬೆಟ್ಟಗಳ ಇಳಿಜಾರಿನಲ್ಲಿ ಬಿದ್ದ ಮಳೆಯ ಒಂದಂಶ ಮರಳುಗಲ್ಲಿನ ಸ್ತರಗಳೊಳಗೆ ಇಂಗಿ, ಬಹು ನಿಧಾನವಾಗಿ ಪಶ್ಚಿಮಕ್ಕೆ ಹರಿಯುತ್ತದೆ. ಮೇಲೆ ನೀರನ್ನು ಬಿಡದ ಶಿಲಾಸ್ತರ ಮುಚ್ಚಿರುವುದರಿಂದ ಅದು ಒತ್ತಡಕ್ಕೆ ಸಿಕ್ಕಿರುತ್ತದೆ. ಕೊಳವೆ ಕೊರೆದಲ್ಲಿ ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ. ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿರುವ ಈ ಆಗರಕ್ಕೆ ಗ್ರೇಟ್ ಆರ್ಟೀಸಿಯನ್ ಬೇಸಿನ್ ಎಂದು ಹೆಸರು. 1878ರಲ್ಲಿ ಬರ್ಕ್ ಪಟ್ಟಣದ ಹತ್ತಿರ ಮೊದಲ ಕೊಳವೆ ಕೊರೆದರು. ಅದರಿಂದಾಚೆಗೆ ಸಾವಿರಾರು ಕೊಳವೆಗಳಾದವು. ನೀರು ಹಗಲಿರುಳು ತೆರೆದ ಕಾಲುವೆಗಳಲ್ಲಿ ಹರಿದು ಆವಿಯಾಯಿತು. ಒತ್ತಡ ಇಳಿದು ಅನೇಕ ಕೊಳವೆಗಳೂ ಸಹಜ ಚಿಲುಮೆಗಳೂ ಬತ್ತಿದವು. ಕೊನೆಗೆ ಸರ್ಕಾರಗಳೇ ಮುಂದೆ ಬಂದು, ಕೊಳವೆಗಳಿಗೆ ಮುಚ್ಚಳ ಹಾಕಿ, ಕಾಲುವೆಗಳ ಬದಲು ಪೈಪುಗಳನ್ನು ಹೂಡಿಸಬೇಕಾಯಿತು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳು ಗಟ್ಟಿಕಲ್ಲಿನ ಬಿರುಕುಗಳ ನೀರನ್ನು ನಂಬಿರುವುವು. ಅಷ್ಟು ದೊಡ್ಡ ಆಗರ ನಮಗಿಲ್ಲ. ಅದಿದ್ದವರೇ ಎಚ್ಚೆತ್ತುಕೊಳ್ಳಬೇಕಾಗಿ ಬಂದಿತೆಂದ ಮೇಲೆ ನಾವು ಇನ್ನೆಷ್ಟು ಎಚ್ಚರದಿಂದಿರಬೇಕು!

ಇನ್ನು ನ್ಯೂಜಿಲೆಂಡ್. ವಿಸ್ತೀರ್ಣ ಸುಮಾರು 2.68 ಲಕ್ಷ ಚದರ ಕಿಲೋಮೀಟರ್. ಉತ್ತರ ದ್ವೀಪ, ದಕ್ಷಿಣ ದ್ವೀಪ ಎಂಬೆರಡು ದೊಡ್ಡ ದ್ವೀಪಗಳ ನಡುವೆ ಕುಕ್ ಜಲಸಂಧಿ ಇದೆ. ಆಸ್ಟ್ರೇಲಿಯ ತನ್ನ ಭೂಫಲಕದ ಒಳಭಾಗದಲ್ಲಿ ನೆಮ್ಮದಿಯಾಗಿ ಕುಳಿತಿದ್ದರೆ, ನ್ಯೂಜಿಲೆಂಡ್ ಕುಳಿತಿರುವುದು ಆ ಫಲಕವೂ ಪೆಸಿಫಿಕ್ ಫಲಕವೂ ಸಂಧಿಸುವ ಅಂಚಿನ ಮೇಲೆ. ಉತ್ತರ ದ್ವೀಪದ ಅಡಿಗೆ ಪೆಸಿಫಿಕ್ ಫಲಕ ನುಗ್ಗಿ ಇಳಿಯುವುದರಿಂದ ಅಲ್ಲಿ ಜ್ವಾಲಾಮುಖಿಗಳೂ ಬಿಸಿನೀರಿನ ಬುಗ್ಗೆಗಳೂ ಇವೆ. ದೊಡ್ಡ ಸರೋವರವಾದ ಟೌಪೊ ಜ್ವಾಲಾಮುಖಿ ಸ್ಫೋಟಗಳಿಂದಾದ ಗುಳಿಯಲ್ಲಿ ನಿಂತ ನೀರು. ದಕ್ಷಿಣ ದ್ವೀಪದಲ್ಲಿ ಎರಡು ಫಲಕಗಳು ಒಂದನ್ನೊಂದು ಉಜ್ಜುತ್ತ ಒತ್ತುವುದರಿಂದ ಸದರ್ನ್ ಆಲ್ಪ್ಸ್ ಇಂದಿಗೂ ಮೇಲೇಳುತ್ತಿದೆ. ಅದರ ಅತ್ಯುನ್ನತ ಶಿಖರವಾದ ಆವೊರಾಕಿಯ ತುದಿಯ ಬಂಡೆ 1991ರಲ್ಲಿ ಕುಸಿಯಿತು. ಈಗ ಅದರ ಎತ್ತರ 3,724 ಮೀಟರ್.

ಈ ಶ್ರೇಣಿಗೆ ಪಶ್ಚಿಮದ ಗಾಳಿ ಅಡ್ಡವಾಗಿ ಬಡಿಯುತ್ತದೆ. ಪಶ್ಚಿಮದ ಮಿಲ್‌ಫೋರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವದ ಕ್ರೈಸ್ಟ್‌ಚರ್ಚ್‌ನಲ್ಲಿ ಅದರ ಸುಮಾರು ಹತ್ತನೆಯ ಒಂದು ಪಾಲು. ಆಗುಂಬೆ ಮತ್ತು ಚಿತ್ರದುರ್ಗಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಟ್ಟದಿಂದ ನದಿಗಳು ಹೊತ್ತು ತಂದ ಕಲ್ಲುಮಣ್ಣುಗಳಿಂದಲೇ ಕ್ಯಾಂಟರ್ಬರಿ ಬಯಲು ಆಯಿತು. ಆಸ್ಟ್ರೇಲಿಯದ ಬಹುಭಾಗದ ಮಣ್ಣು ಯುಗಯುಗಗಳಿಂದ ಸತ್ವ ತೊಳೆದುಹೋದ ಮಣ್ಣು. ಇಲ್ಲಿಯದು ಹೊಸದಾಗಿ ಬರುತ್ತಲೇ ಇರುವ ಮಣ್ಣು.

ಆದರೆ ಹೊಸ ನೆಲಕ್ಕೆ ತೆರಬೇಕಾದ ಬೆಲೆಯೂ ಉಂಟು. 1953ರ ಡಿಸೆಂಬರ್ 24ರ ರಾತ್ರಿ ರುಅಪೇಹು ಜ್ವಾಲಾಮುಖಿಯ ಬಾಯಲ್ಲಿದ್ದ ಸರೋವರದ ಕಟ್ಟೆ ಒಡೆದು, ಕೆಸರಿನ ಪ್ರವಾಹ ಟಾಂಗಿವಾಯಿಯ ರೈಲುಸೇತುವೆಯನ್ನು ಮುರಿಯಿತು. ಆಗ ಬಂದ ರೈಲು ನದಿಗೆ ಬಿದ್ದು 151 ಮಂದಿ ಮಡಿದರು. 2011ರ ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚ್ ಭೂಕಂಪದಲ್ಲಿ 185 ಮಂದಿ ಸತ್ತರು. ಹಳೆಯ ನೆಲದವರಿಗೆ ನೀರಿನ ಚಿಂತೆ. ಹೊಸ ನೆಲದವರಿಗೆ ನೆಲದ್ದೇ ಚಿಂತೆ.

ಕೊನೆಯದಾಗಿ ಒಂದು ಮಾತು. ನನ್ನ ಉತ್ತರ ತಪ್ಪಾದರೂ ಅದರಲ್ಲಿ ಒಂದೆಳೆ ಸತ್ಯವಿತ್ತು. ಒಂದು ಕಾಲದಲ್ಲಿ ಈ ಎರಡೂ ನೆಲಗಳು ಗೊಂಡ್ವಾನವೆಂಬ ಮಹಾಖಂಡದಲ್ಲಿ ಕೂಡಿದ್ದವು. ನಮ್ಮ ಭಾರತವೂ ಅದರ ಭಾಗವೇ; ಆ ಹೆಸರೇ ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ ಬಂದುದು. ಸುಮಾರು 8 ಕೋಟಿ ವರ್ಷಗಳ ಹಿಂದೆ ನ್ಯೂಜಿಲೆಂಡಿನ ಭಾಗ ಒಡೆದು ದೂರ ಸರಿಯಿತು. ನಡುವೆ ಟಾಸ್ಮನ್ ಸಮುದ್ರ ಹುಟ್ಟಿತು. ಒಡೆದ ನೆಲದ ಬಹುಪಾಲು ಇಂದು ನೀರಿನಡಿಯಲ್ಲಿದೆ; ಮೇಲೆ ಕಾಣುವುದು ಅದರ ಚಿಕ್ಕ ಅಂಶ. ಆದುದರಿಂದ ಮೂಲ ಒಂದೇ ಆದರೂ ನೆಲದ ಸ್ವರೂಪವನ್ನು ತೀರ್ಮಾನಿಸುವುದು ಅದು ಆಮೇಲೆ ನಿಂತ ಸ್ಥಾನ. ಭೂಪಟದಲ್ಲಿ ಯಾವುದು ಯಾವುದರ ಪಕ್ಕದಲ್ಲಿದೆ ಎಂದು ಬಾಯಿಪಾಠ ಮಾಡುವುದರ ಜೊತೆಗೆ, ಅದು ಏತರ ಮೇಲೆ ನಿಂತಿದೆ, ಯಾವ ಗಾಳಿಗೆ ಮುಖ ಮಾಡಿದೆ ಎಂದೂ ಕೇಳಬೇಕೆಂಬುದನ್ನು ಆ ಕೆಂಪುಗೆರೆ ನನಗೆ ಕಲಿಸಿತು. ಸಹಪಾಠಿಗಳೂ ಹಾಗೆ ಕೇಳಿಕೊಂಡು ಭೂಪಟವನ್ನು ಮತ್ತೊಮ್ಮೆ ತೆರೆದರೆ ನನ್ನ ಶ್ರಮ ಸಾರ್ಥಕ.