ಗೋದಾಮಿನ ಮೂಲೆಯ ಲಿಂಡೇನ್

ಅರೇಬಿಕಾದ ಬಿಳಿ ಕಾಂಡಕೊರಕಕ್ಕೆಂದು ನಾವು ವರ್ಷಗಟ್ಟಲೆ ಕಾಂಡಕ್ಕೆ ಬಳಿದದ್ದು ಲಿಂಡೇನ್. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ನಿರ್ಣಯಿಸಿತು. ಅದನ್ನು ಬಳಸಿದ ಕೃಷಿಕರಲ್ಲಿ ಹೆಚ್ಚಾಗಿ ಕಂಡದ್ದು ಲಿಂಫೋಮಾ, ಎಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್. ನಮ್ಮ ದೇಶದಲ್ಲಿ ಇದರ ಬಳಕೆ 2013ರಿಂದ ನಿಷಿದ್ಧ. ಹಳೆಯ ಡಬ್ಬಿ ಉಳಿದಿದ್ದರೆ ‘ಮುಗಿಸಿಬಿಡೋಣ’ ಎಂಬ ಜಿಪುಣತನ ಬೇಡ. ಹಳ್ಳಕ್ಕೆ ಸುರಿಯದೆ, ಸುಡದೆ, ಬೀಗದೊಳಗಿಟ್ಟು ಕೃಷಿ ಇಲಾಖೆಗೆ ತಿಳಿಸತಕ್ಕದ್ದು. ಹುಳು ಹಿಡಿದ ಗಿಡವನ್ನು ಬುಡಸಮೇತ ಕಿತ್ತು ಸುಡಿ, ನೆರಳು ಕಾಪಾಡಿ.

ಇನ್ನೊಂದು ಮಾತು, ಇದು ಸಿರುಗುಪ್ಪ, ಕುರುಗೋಡಿನ ಗದ್ದೆಗಳಲ್ಲಿ ಪಂಪು ಹೊರುವವರಿಗೂ ಸಲ್ಲುತ್ತದೆ. ಪೆಟ್ರೋಲನ್ನು ಕೊಳವೆಯಿಂದ ಬಾಯಲ್ಲಿ ಎಳೆಯಬಾರದು, ಅದರಲ್ಲಿ ಕೈ ತೊಳೆಯಬಾರದು. ಅದರೊಳಗಿನ ಬೆಂಜೀನ್ ಮೂಳೆಯ ಮಜ್ಜೆಯನ್ನು ಕೆಡಿಸಿ ಲ್ಯುಕೇಮಿಯಾ ತರಬಲ್ಲುದು.