ನಿಂತ ಗಾಡಿಗೂ ಬಡ್ಡಿ ಓಡುತ್ತದೆ

ರಾಗಿ ಒಕ್ಕಣೆ ಮುಗಿದ ಮೇಲೆ ಅವ್ವನನ್ನೂ ಅವ್ವನ ನಾಯಿ ಕರಿಯನನ್ನೂ ಕರೆದುಕೊಂಡು ದುದ್ದದಿಂದ ಗೋಕರ್ಣದವರೆಗೆ ಬಾಡಿಗೆ ಕ್ಯಾರವಾನಿನಲ್ಲಿ ಹೋಗಿಬಂದೆವು. ಒಂದು ವಾರಕ್ಕೆ ₹82,000 ಆಯಿತು. ಬಾಡಿಗೆ ದಿನಕ್ಕೆ ₹9,000ದಂತೆ ₹63,000. ಸುಮಾರು 900 ಕಿಲೋಮೀಟರ್ ಓಡಾಟಕ್ಕೆ ಡೀಸೆಲ್ ₹9,000. ಟೋಲ್, ಪಾರ್ಕಿಂಗ್ ₹3,000. ನಾಯಿ ಇದ್ದದ್ದಕ್ಕೆ ಗಾಡಿ ತೊಳೆಯುವ ಹೆಸರಿನಲ್ಲಿ ₹3,000. ಹೊರಡುವ ಮುಂಚೆ ಕರಿಯನ ಲಸಿಕೆ, ಔಷಧಿ, ಬೆಲ್ಟು, ಹಾಸಿಗೆಗೆ ₹4,000.

ಲೆಕ್ಕ ಕೇಳಿದ ನಮ್ಮ ಭಾವ ತಡೆಯಲಾಗದೆ, "ಅಷ್ಟ್ ದುಡ್ಡಲ್ಲಿ ನಾಕು ಕಂತು ಕಟ್ಟಬೋದಿತ್ತಲ್ಲೋ, ಗಾಡಿ ನಿಂದೇ ಆಗಿರೋದು" ಎಂದರು. ಏಜೆಂಟ್ ಒಬ್ಬ ಬರೆದುಕೊಟ್ಟ ಚೀಟಿಯೂ ಅವರ ಜೇಬಿನಲ್ಲಿತ್ತು. ಹಳೇ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಮಂಚ, ಅಡುಗೆ ಕಟ್ಟೆ, ಕಕ್ಕಸು ಕೂರಿಸುವುದು. ₹8 ಲಕ್ಷ ಸಾಲ, 5 ವರ್ಷ, "ಬರೀ ಶೇ 9 ಬಡ್ಡಿ". ಭಾವನಿಗೆ ನಮ್ಮ ಮೇಲಿರುವ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಆ ಚೀಟಿಯ ಮೇಲೆ.

ಕ್ಯಾರವಾನೇ ಯಾಕೆ ಬೇಕಿತ್ತು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಅವ್ವನಿಗೆ ಮಂಡಿನೋವು, ಗಂಟೆಗೊಮ್ಮೆಯಾದರೂ ಕೂರುವ ಕಕ್ಕಸು ಬೇಕು. ಕರಿಯ ಅವ್ವನಿಲ್ಲದ ಮನೆಯಲ್ಲಿ ತಟ್ಟೆ ಮೂಸಿ ನೋಡುವುದಿಲ್ಲ. ನಾವು ವಿಚಾರಿಸಿದ ಲಾಡ್ಜುಗಳು ನಾಯಿ ಎಂದ ಕೂಡಲೇ ಫೋನಿಟ್ಟವು. ರೈಲಿನಲ್ಲಿ ಜೊತೆಗೆ ಕೂರಿಸಿಕೊಂಡು ಹೋಗಬೇಕೆಂದರೆ ಎಸಿ ಫಸ್ಟ್ ಕ್ಲಾಸಿನ ಕೂಪೆ ಪೂರ್ತಿ ನಮ್ಮದಾಗಿರಬೇಕು. ಉಳಿದದ್ದು ಇದೊಂದೇ ದಾರಿ.

ಈಗ ಕೊಳ್ಳುವ ಲೆಕ್ಕಕ್ಕೆ ಬನ್ನಿ. ಚೀಟಿಯ ಪ್ರಕಾರ ಹಳೇ ಗಾಡಿಗೆ ₹6.5 ಲಕ್ಷ, ಒಳಗಿನ ಕೆಲಸಕ್ಕೆ ₹5.5 ಲಕ್ಷ, ಒಟ್ಟು ₹12 ಲಕ್ಷ. ₹4 ಲಕ್ಷ ಕೈಯಿಂದ, ₹8 ಲಕ್ಷ ಸಾಲ. ಬಡ್ಡಿ ₹3.6 ಲಕ್ಷ. ವಿಮೆ, ತೆರಿಗೆ, ಎಫ್‌ಸಿಗೆ ವರ್ಷಕ್ಕೆ ₹45,000. ಸರ್ವಿಸ್, ಟೈರು, ಬ್ಯಾಟರಿಗೆ ₹40,000. ಐದು ವರ್ಷಕ್ಕೆ ₹4.25 ಲಕ್ಷ. ಕೈಯಿಂದ ಹಾಕಿದ ₹4 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಶೇ 7ರಂತೆ ಐದು ವರ್ಷದಲ್ಲಿ ಸುಮಾರು ₹1.65 ಲಕ್ಷ ದುಡಿಯುತ್ತಿತ್ತು. ಜೇಬಿನಿಂದ ಹೋಗುವುದು ಕಾಣದ್ದರಿಂದ ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನಷ್ಟ ನಷ್ಟವೇ. ಎಲ್ಲ ಕೂಡಿದರೆ ₹21.5 ಲಕ್ಷ. ಐದು ವರ್ಷದ ನಂತರ ಗಾಡಿ ₹5 ಲಕ್ಷಕ್ಕೆ ಹೋಯಿತು ಎನ್ನಿ. ನಿಂತದ್ದು ₹16.5 ಲಕ್ಷ.

ಇದನ್ನು ರಾತ್ರಿಗಳಿಂದ ಭಾಗಿಸಬೇಕು. ಕೊಳ್ಳುವಾಗ ಎಲ್ಲರೂ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ. ಕ್ಯಾರವಾನಿಗೆ ಆ ಲೆಕ್ಕ ಸಲ್ಲದು, ನಾವು ಅದನ್ನು ಕೊಳ್ಳುವುದು ಮಲಗಲಿಕ್ಕೆ. ವರ್ಷಕ್ಕೆ 20 ರಾತ್ರಿ ಎಂದರೆ ಐದು ವರ್ಷಕ್ಕೆ 100. ಒಂದು ರಾತ್ರಿಗೆ ₹16,500, ಡೀಸೆಲ್ ಬೇರೆ. ಬಾಡಿಗೆಯ ₹9,000ಕ್ಕೆ ಸಮ ಆಗಬೇಕಾದರೆ 184 ರಾತ್ರಿ, ಅಂದರೆ ವರ್ಷಕ್ಕೆ 37 ರಾತ್ರಿ ಅದರಲ್ಲಿ ಮಲಗಬೇಕು. ಮುಂಗಾರಿಗೆ ಆಲೂಗಡ್ಡೆ ಬಿತ್ತನೆ, ಆಮೇಲೆ ಅಂಗಮಾರಿಗೆ ಔಷಧಿ, ಕೀಳುವುದು, ಅದರ ಹಿಂದೆಯೇ ರಾಗಿ ಕೊಯ್ಲು, ಹಟ್ಟಿಯಲ್ಲಿ ಎರಡು ಹೊತ್ತು ಹಾಲು ಕರೆಯುವ ಹಸು. ದುದ್ದ ಹೋಬಳಿಯ ಯಾವ ರೈತನ ಮನೆಯಲ್ಲಿ 37 ರಾತ್ರಿ ಬಿಡುವಿದೆ? ಆ 20 ರಾತ್ರಿ ಬಿಟ್ಟರೆ ವರ್ಷದ ಮಿಕ್ಕ 345 ರಾತ್ರಿ ಗಾಡಿ ಹಿತ್ತಲಲ್ಲಿ ನಿಂತಿರುತ್ತದೆ, ಬಡ್ಡಿ ಓಡುತ್ತಲೇ ಇರುತ್ತದೆ.

ಆ ಶೇ 9ರ ವಿಷಯ ಬಂದರೆ ನನಗೆ ಸಹನೆ ಉಳಿಯುವುದಿಲ್ಲ. ಅದು ಫ್ಲ್ಯಾಟ್ ದರ. ಮೊದಲ ತಿಂಗಳಿಂದಲೇ ಅಸಲು ತೀರಿಸುತ್ತಾ ಬರುತ್ತೀರಿ. ಆದರೂ ಕೊನೆಯ ಕಂತಿನವರೆಗೆ ಪೂರ್ತಿ ₹8 ಲಕ್ಷದ ಮೇಲೇ ಬಡ್ಡಿ ಹಾಕುತ್ತಾರೆ. ₹8 ಲಕ್ಷಕ್ಕೆ ₹3.6 ಲಕ್ಷ ಸೇರಿಸಿ 60ರಿಂದ ಭಾಗಿಸಿದರೆ ಕಂತು ₹19,333. ಇದೇ ಕಂತನ್ನು ಉಳಿದ ಅಸಲಿನ ಮೇಲೆ ಬಡ್ಡಿ ಹಾಕುವ ರೀತಿಗೆ ತಿರುಗಿಸಿ ನೋಡಿ, ದರ ಶೇ 15.7ರ ಹತ್ತಿರ ಬರುತ್ತದೆ. ಬ್ಯಾಂಕಿನಲ್ಲಿ ಶೇ 12 ಎಂದರೆ ಎದ್ದು ಬರುವವರು ಈ ಶೇ 9ಕ್ಕೆ ರುಜು ಹಾಕುತ್ತಾರೆ. ಇದನ್ನು ಜಾಣ ವ್ಯಾಪಾರ ಎನ್ನಲು ನಾನು ತಯಾರಿಲ್ಲ. ಲೆಕ್ಕ ಬಾರದವರ ಮುಂದೆ ಲೆಕ್ಕ ಮುಚ್ಚಿಡುವುದು ಇದು. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಕೆಎಫ್‌ಎಸ್ (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಎಂಬ ಹಾಳೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ಎಪಿಆರ್ ಎಂಬ ಸಾಲಿರುತ್ತದೆ, ಪ್ರೊಸೆಸಿಂಗ್ ಶುಲ್ಕವೂ ಸೇರಿದ ನಿಜವಾದ ದರ. ಮೊದಲು ಆ ಹಾಳೆ ಕೇಳಿ. ಬಾಯಿಮಾತಿನ ದರ ಎಷ್ಟೇ ಇರಲಿ, ಹಾಳೆ ಬರದೆ ಆಧಾರ್ ಪ್ರತಿಯನ್ನೂ ಕೊಡಬೇಡಿ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವಂತಿಲ್ಲ. ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ನಮೂದಾಗದೆ ಸೀಟು ಕಿತ್ತು ಮಂಚ ಕೂರಿಸಿದರೆ ಅಪಘಾತದ ದಿನ ವಿಮೆಯವರು ಮೊದಲು ಎತ್ತುವುದು ಅದನ್ನೇ. ಬಾಡಿಗೆಗೂ ಎಚ್ಚರ ಬೇಕು: ನಾವೇ ಓಡಿಸುವ ಬಾಡಿಗೆ ಗಾಡಿಯದು ಕಪ್ಪು ಪ್ಲೇಟು, ಹಳದಿ ಅಕ್ಷರ. ಬಿಳಿ ಪ್ಲೇಟಿನದ್ದು ಅಗ್ಗಕ್ಕೆ ಸಿಕ್ಕಿತೆಂದು ಹತ್ತಬೇಡಿ.

ಕರಿಯನಿಗೆ ಖರ್ಚಾದ ₹4,000 ನನ್ನ ಪ್ರಕಾರ ಇಡೀ ಪಟ್ಟಿಯಲ್ಲೇ ಸಾರ್ಥಕವಾದ ಹಣ. ರೇಬೀಸ್ ಲಸಿಕೆಯ ದಿನಾಂಕ ದಾಟುವುದಿತ್ತು, ಹಾಕಿಸಿ ಕಾರ್ಡು ಜೊತೆಗಿಟ್ಟುಕೊಂಡೆವು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ ನಮ್ಮ ಕಡೆಯವರಿಗೆ ಇದು ಕಷ್ಟದ ಕೆಲಸವಲ್ಲ. ಉಣ್ಣೆ ಹತ್ತದಂತೆ ಬೆನ್ನಿಗೆ ಔಷಧಿ ಬಿಡಿಸಿದೆವು. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉತ್ತರ ಕನ್ನಡದ ಕಾಡಂಚಿಗೂ ಅದು ಹೊಸದಲ್ಲ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕಾಡಿನಲ್ಲಿ ಅಡ್ಡಾಡಿದ ನಾಯಿಯ ಮೈಮೇಲೆ ಬಂದ ಉಣ್ಣೆ ಆ ಪುಟ್ಟ ಗಾಡಿಯಲ್ಲಿ ಅವ್ವನ ಹಾಸಿಗೆಗೆ ಇಳಿಯಲು ಎಷ್ಟು ಹೊತ್ತು? ರಸ್ತೆ ಬಿಟ್ಟು ಪೊದೆಗೆ ನುಗ್ಗಲು ಬಿಡಲಿಲ್ಲ, ಸಂಜೆ ಹೊತ್ತು ಕಿವಿ, ಬೆರಳ ಸಂದಿ ಬಿಡಿಸಿ ನೋಡುತ್ತಿದ್ದೆವು. ಶಿರಾಡಿ ಘಾಟಿ ಇಳಿಯುವ ದಿನ ಹೊರಡುವ ನಾಲ್ಕು ಗಂಟೆ ಮುಂಚೆಯೇ ಊಟ ಮುಗಿಸಿದ್ದರಿಂದ ವಾಂತಿಯೂ ಆಗಲಿಲ್ಲ.

ಉಡುಪಿ, ಮುರ್ಡೇಶ್ವರ, ಗೋಕರ್ಣ ಎಲ್ಲ ಕಡೆಯೂ ಸರದಿಯ ಮೇಲೆ ದೇವರ ದರ್ಶನ ಮಾಡಿದೆವು, ಒಬ್ಬರು ಕರಿಯನ ಜೊತೆ. ಹೊರಗೆ 30 ಡಿಗ್ರಿ ಇದ್ದರೂ ಮುಚ್ಚಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ 45 ದಾಟಬಹುದು. ನಾಯಿ ನಮ್ಮ ಹಾಗೆ ಮೈತುಂಬ ಬೆವರುವ ಪ್ರಾಣಿಯಲ್ಲ. ನಮ್ಮ ಗಾಡಿಯ ಎಸಿ ನಿಂತಾಗ ಓಡಬೇಕೆಂದರೆ ಹೊರಗಿನ ಕರೆಂಟ್ ಬೇಕು. ಬುಕ್ ಮಾಡುವಾಗಲೇ ಇದನ್ನು ಕೇಳಿ.

ಹಾಗಾದರೆ ₹82,000 ಎಲ್ಲಿಂದ ಬರಬೇಕು? ನಮ್ಮ ಡೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಪ್ರತಿ ಬಟವಾಡೆಗೆ ₹3,500 ಎತ್ತಿ ತಿಂಗಳಿಗೆ ₹7,000ದ ಆರ್‌ಡಿ ಕಟ್ಟಿದರೆ ವರ್ಷಕ್ಕೆ ₹84,000, ಬಡ್ಡಿ ಬೇರೆ. ಆಲೂಗಡ್ಡೆ ದುಡ್ಡಿನ ಮೇಲೆ ಪ್ರವಾಸ ಕಟ್ಟಬೇಡಿ. ಒಂದು ವರ್ಷ ರೇಟು ಸಿಕ್ಕಿತೆಂದು ಐದು ವರ್ಷದ ಕಂತಿಗೆ ಕೊರಳೊಡ್ಡುವ ಚಾಳಿ ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳ ನೆಮ್ಮದಿ ಕೆಡಿಸಿದೆ ಎಂಬುದನ್ನು ನೋಡುತ್ತಲೇ ಬಂದಿದ್ದೇನೆ. ದುಡ್ಡು ಬಂದ ದಿನವೇ ಎತ್ತಿಡುವುದು ರೂಢಿಯಾಗಬೇಕು. ಮಕ್ಕಳಿಗೂ ಬಟವಾಡೆ ಚೀಟಿ ತೋರಿಸಿ, ಯಾವುದಕ್ಕೆ ಎಷ್ಟು ಎಂದು ಅವರೇ ಬರೆಯಲಿ.

ಮುಂದಿನ ಸಲ ಅವ್ವನಿಗೆ ಊಟಿ ನೋಡುವ ಆಸೆ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧ, ಹಾಗಾಗಿ ಗುಂಡ್ಲುಪೇಟೆಯಲ್ಲಿ ಕರೆಂಟ್ ಕೊಡುವ ಜಾಗ ನೋಡಿ ಒಂದು ರಾತ್ರಿ ನಿಲ್ಲಬೇಕಾಗುತ್ತದೆ. ಅದಕ್ಕೆಂದು ಆರ್‌ಡಿ ಕಂತಿಗೆ ಈ ತಿಂಗಳಿಂದ ₹500 ಸೇರಿಸಿದ್ದೇವೆ.