ಮೋಟಾರು ಸುಟ್ಟಾಗ ತಾಮ್ರದ ಲೆಕ್ಕ ಕೇಳಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರಿಗೆ ಬೋರ್‌ವೆಲ್ ಮೋಟಾರು ಸುಡುವುದು ಹೊಸದಲ್ಲ. ಸಾವಿರ ಅಡಿ ಆಳದಿಂದ ಪಂಪು ಎತ್ತಿಸುವ ಖರ್ಚಿನ ಚಿಂತೆಯಲ್ಲಿ ಒಳಗಿರುವ ತಾಮ್ರ ಮರೆತುಹೋಗುತ್ತದೆ. ಅದು ನಿಮ್ಮ ಹಣ, ಬಿಡಬೇಡಿ.

ರೀವೈಂಡಿಂಗ್‌ಗೆ ಕೊಟ್ಟಾಗ ಬಿಚ್ಚಿದ ಹಳೆಯ ತಂತಿಯನ್ನು ನಿಮ್ಮೆದುರೇ ತೂಗಿಸಿ. ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ, ಇಲ್ಲವೇ ಮನೆಗೆ ತನ್ನಿ. ಹೊಸ ತಂತಿ ತಾಮ್ರದ್ದೇ ಎಂದು ಬಿಲ್ಲಿನಲ್ಲಿ ಬರೆಸಿ. ತುಂಡೊಂದನ್ನು ಬ್ಲೇಡಿನಿಂದ ಚೆನ್ನಾಗಿ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯುಮಿನಿಯಂ. ಅಷ್ಟೇ ದಪ್ಪದ ಅಲ್ಯುಮಿನಿಯಂ ತಂತಿಗೆ ವಿದ್ಯುತ್ ಹರಿಸುವ ಶಕ್ತಿ ತಾಮ್ರದ ಸುಮಾರು ಶೇ 60ರಷ್ಟೇ. ಬೇಗ ಬಿಸಿಯಾಗುತ್ತದೆ, ಮತ್ತೆ ಸುಡುತ್ತದೆ.

ಗುಜರಿಗೆ ಹಾಕುವ ಮುನ್ನ ಮೊಬೈಲಿನಲ್ಲಿ ಎಂಸಿಎಕ್ಸ್ (ಸರಕು ವಿನಿಮಯ ಪೇಟೆ) ತಾಮ್ರದ ದರ ನೋಡಿಕೊಳ್ಳಿ. ಲಂಡನ್ ಲೋಹ ಪೇಟೆ, ಡಾಲರ್ ಬೆಲೆ, ಚೀನಾದ ಬೇಡಿಕೆ ಏರಿಳಿದಂತೆ ಅದೂ ಏರಿಳಿಯುತ್ತದೆ. 2018ರಲ್ಲಿ ತೂತ್ತುಕುಡಿಯ ತಾಮ್ರ ಕಾರ್ಖಾನೆ ಮುಚ್ಚಿದ ಮೇಲಂತೂ ದೇಶ ಆಮದನ್ನು ಹೆಚ್ಚು ನೆಚ್ಚಿಕೊಂಡಿದೆ. ಗುಜರಿ ಮಾಲಿಗೆ ಆ ಪೂರ್ತಿ ದರ ಸಿಗದು, ಆದರೆ ಚೌಕಾಸಿಗೆ ನಿಮ್ಮ ಕೈಯಲ್ಲೊಂದು ಆಧಾರವಿರುತ್ತದೆ. ಹಳೆಯ ಕೇಬಲ್ ಸುಟ್ಟು ತಾಮ್ರ ತೆಗೆಯಬೇಡಿ. ಪ್ಲಾಸ್ಟಿಕ್ ಹೊಗೆ ವಿಷ. ಕಪ್ಪಾದ ತಂತಿಗೆ ಬೆಲೆಯೂ ಕಡಿಮೆ. ಚಾಕುವಿನಿಂದ ಸುಲಿಯಿರಿ.

ಇನ್ನೊಂದು ಮಾತು. ಟೊಮೆಟೊ, ಮಾವಿಗೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತವೂ ತಾಮ್ರದ್ದೇ. ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಕಬ್ಬಿಣದ ಪಾತ್ರೆಯಾದರೆ ತಾಮ್ರ ಪಾತ್ರೆಗೇ ಅಂಟಿಕೊಂಡು ಔಷಧಿಯ ಸತ್ವ ಹೋಗುತ್ತದೆ.